ಹಳ್ಳದ ಈಚೆ ಹೊಸ ಬೋರ್ ಇಲ್ಲ

ದಾಳಿಂಬೆ ಗಿಡಕ್ಕೆ ನೀರು ಸಾಲದೆ ಹೋದರೆ ಅದು ಮೊದಲು ತುದಿಯಲ್ಲಿ ಗೊತ್ತಾಗುತ್ತದೆ. ಎಳೆಯ ಚಿಗುರು ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದು ಸಂಜೆಯ ತಂಪಿಗೆ ಮತ್ತೆ ತಲೆ ಎತ್ತುತ್ತದೆ. ಹಾಗೆ ಎತ್ತುತ್ತಿದ್ದಷ್ಟು ದಿನ ಆಶಾ ಹೆದರಿರಲಿಲ್ಲ. 2003ರ ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ತೋಟದ ಮೇಲ್ಗಡೆಯ ಸಾಲುಗಳು ಸಂಜೆಯಾದರೂ ಹಾಗೇ ಜೋತುಕೊಂಡಿದ್ದವು. ಅವಳು ಪಾತಿಯ ಮೇಲೆ ಹರವಿದ್ದ ಶೇಂಗಾ ಹೊಟ್ಟನ್ನು ಸರಿಸಿ ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು. ಬೆರಳು ಪೂರ್ತಿ ಇಳಿದರೂ ತೇವ ಸಿಗಲಿಲ್ಲ.

ಆ ತೋಟ ಎದ್ದದ್ದೇ ಅವಳ ಕೈಯಿಂದ. ಕೊಂಡ್ಲಹಳ್ಳಿಗೂ ರಾಂಪುರಕ್ಕೂ ನಡುವೆ, ಟಾರ್ ರಸ್ತೆಯಿಂದ ಒಳಕ್ಕೆ ಸರಿದಿರುವ ಕರೇಗುಡ್ಡದಹಟ್ಟಿಯಲ್ಲಿ ಅವಳ ಗಂಡ ಓಬಳೇಶನಿಗೆ ಗುಡ್ಡದ ಬುಡದಲ್ಲಿ ಮೂರೂವರೆ ಎಕರೆ ಕಲ್ಲು ನೆಲವಿತ್ತು. ಅವನು ಅವಳ ಅವ್ವನ ತಮ್ಮ. ರಾಂಪುರದ ತವರುಮನೆಯಲ್ಲಿ ಲಂಗ ಹಾಕಿಕೊಂಡು ಓಡಾಡುವಾಗ ಅವನನ್ನು ಮಾವ ಎಂದು ಕರೆಯುತ್ತಿದ್ದಳು, ಮದುವೆಯಾದ ಮೇಲೂ ಹಾಗೇ ಕರೆದಳು. ಓಬಳೇಶನಿಗೆ ಊರಿನ ಕೆಲಸ ಹೆಚ್ಚು. ಹೊಲ ನೋಡಿಕೊಳ್ಳುವವಳು ಆಶಾ. ಹಾರೆ ಹಾಕಿದರೆ ಕಿಡಿ ಹಾರುವ ಆ ನೆಲದಲ್ಲಿ ಗುಂಡಿ ತೋಡಿಸಿ, ಕೆರೆಯ ಗೋಡುಮಣ್ಣು ಹೊತ್ತು ತಂದು ತುಂಬಿ, ಒಂದೂವರೆ ಎಕರೆಗೆ ದಾಳಿಂಬೆ ಕೂರಿಸಿದ್ದಳು. ನೀರಿಗೆ ಇದ್ದದ್ದು ಓಬಳೇಶನ ಅಪ್ಪ ತೋಡಿಸಿದ ತೆರೆದ ಬಾವಿ. ಗಿಡ ನೆಟ್ಟ ವರ್ಷ ಅದರಲ್ಲಿ ಸಾಕಷ್ಟು ನೀರಿತ್ತು. ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಈಗ ಮೋಟಾರ್ ಹಾಕಿದರೆ ಸ್ವಲ್ಪ ಹೊತ್ತಿಗೆಲ್ಲ ಪೈಪು ಗೊರಗೊರ ಎಂದು ಗಾಳಿ ಎಳೆಯುತ್ತಿತ್ತು.

ಬೇರೆ ಊರಾಗಿದ್ದರೆ ಒಂದು ಬೋರ್ ಕೊರೆಸುತ್ತಿದ್ದರು. ಕರೇಗುಡ್ಡದಹಟ್ಟಿಯಲ್ಲಿ ಅದಕ್ಕೆ ದಾರಿ ಇರಲಿಲ್ಲ. ಆ ದಾರಿ ಮುಚ್ಚಿದವನು ಓಬಳೇಶನೇ.

ಹಿಂದೊಮ್ಮೆ ಊರಿನ ಜನ ಪೈಪೋಟಿಗೆ ಬಿದ್ದು ಬೋರ್ ಕೊರೆಸಿದ್ದರು. ಒಬ್ಬನಿಗೆ ನೀರು ಬಿದ್ದರೆ ಪಕ್ಕದವನದು ಬತ್ತುತ್ತಿತ್ತು, ಅವನು ಇನ್ನೂ ಆಳಕ್ಕೆ ಕೊರೆಸುತ್ತಿದ್ದ. ಕೊನೆಗೆ ಊರ ನಡುವಿನ ಸೇದುವ ಬಾವಿಯೂ ಬರಿದಾಗಿ, ಹೆಂಗಸರು ಕುಡಿಯುವ ನೀರಿಗೆ ಜಂಬುಲಿಂಗಪ್ಪನವರ ತೋಟಕ್ಕೆ ಹೋಗಿ ಸಾಲು ನಿಲ್ಲಬೇಕಾಯಿತು. ಹಳ್ಳದ ಈಚೆ ಉಳಿದ ಗಟ್ಟಿ ಬೋರ್ ಅವರದೊಂದೇ. ಆ ಹೊತ್ತಿಗೆ ಜಲಾನಯನ ಯೋಜನೆ ಬಂತು. ಊರಿನ ಸಂಘಕ್ಕೆ ಓಬಳೇಶ ಅಧ್ಯಕ್ಷನಾದ. ಜನರನ್ನು ಕಟ್ಟಿಕೊಂಡು ಹೊಲಗಳಿಗೆ ಬದು ಹಾಕಿಸಿದ, ಹಳ್ಳಕ್ಕೆ ಚೆಕ್ ಡ್ಯಾಮ್ ಕಟ್ಟಿಸಿದ, ಕೆರೆಯ ಹೂಳು ತೆಗೆಸಿದ. ನಿಂತ ನೀರನ್ನು ಮತ್ತೆ ಬೋರುಗಳು ಎಳೆದುಬಿಟ್ಟರೆ ಮಾಡಿದ್ದೆಲ್ಲ ಹಾಳಾಗುತ್ತದೆಂದು ಮನೆಮನೆಗೆ ತಿರುಗಿ ಹೇಳಿದ. ಒಂದು ದಿನ ಮಾರಮ್ಮನ ಗುಡಿಯಲ್ಲಿ ಊರ ಗಂಡಸರೆಲ್ಲ ದೀಪ ಮುಟ್ಟಿ ಆಣೆ ಇಟ್ಟರು. ಐದು ವರ್ಷ ಹಳ್ಳದ ಈಚೆ ಯಾರೂ ಹೊಸ ಬೋರ್ ಕೊರೆಸುವಂತಿಲ್ಲ. ಇರುವ ಬೋರ್ ಇರುವವರದು. ಅವರು ಆಣೆ ಇಡುವಾಗ ಹೆಂಗಸರು ಗುಡಿಯ ಹಿಂದೆ ಅನ್ನ ಬಸಿಯುತ್ತಿದ್ದರು.

ಆ ಐದು ವರ್ಷ ಇನ್ನೂ ಮುಗಿದಿರಲಿಲ್ಲ, ಕಟ್ಟಳೆ ಸುಳ್ಳೂ ಆಗಲಿಲ್ಲ. ಸೇದುವ ಬಾವಿಗೆ ನೀರು ಮರಳಿತು. ಇಂಥ ಬರದಲ್ಲೂ ಅದು ಬತ್ತಿರಲಿಲ್ಲ. ದಿನಾ ಬೆಳಗ್ಗೆ ಅಲ್ಲಿ ಕೊಡ ತುಂಬಿಸುವಾಗ ಆಶಾಗೂ ಅದು ನೆನಪಾಗುತ್ತಿತ್ತು. ಅಲ್ಲಿಂದ ತೋಟಕ್ಕೆ ಹೋದರೆ ಗಿಡಗಳು ಕಾಣುತ್ತಿದ್ದವು.

ಆ ದಿನಗಳಲ್ಲಿ ಊರು ಅವಳ ಮೇಲೆ ಬಹಳ ಕನಿಕರ ತೋರಿಸತೊಡಗಿತು. ಬಾವಿಕಟ್ಟೆಯಲ್ಲಿ ಹೆಂಗಸರು ಗಿಡ ಹೇಗಿವೆ ಎಂದು ಕೇಳುತ್ತಿದ್ದರು. ತೋಟದ ಪಕ್ಕದ ಹೊಲದ ಕಲ್ಲೇಶಪ್ಪ ಬದುವಿನ ಮೇಲೆ ಬಂದು ನಿಂತು ಲೊಚಗುಟ್ಟುತ್ತಿದ್ದ. ಅವನದೂ ಬಾವಿ ಬತ್ತಿ, ಹಾಕಿದ್ದ ಈರುಳ್ಳಿ ಗೆಡ್ಡೆ ಕಟ್ಟದೆ ಒಣಗಿಹೋಗಿತ್ತು. ಇಂಥ ಗಿಡಗಳನ್ನು ಕಣ್ಣೆದುರು ಸಾಯಲು ಬಿಡುವುದು ಪಾಪ, ಓಬಳೇಶಣ್ಣ ಒಂದು ಬೋರ್ ಹಾಕಿಸಿಕೊಂಡರೆ ಊರಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಅವನು ಊರಿಗೆ ಮಾಡಿದ್ದು ಸಾಲದೇ ಎನ್ನುತ್ತಿದ್ದ. ಅಂಗಡಿಯ ಮುಂದೆ ಕೂತ ಹಿರಿಯರೂ ಅದನ್ನೇ ಹೇಳುತ್ತಿದ್ದರೆಂದು ಅವಳಿಗೆ ಸುದ್ದಿ ಬರುತ್ತಿತ್ತು. ಮೊದಮೊದಲು ಅವಳಿಗೆ ಅದು ಸಮಾಧಾನವೆನಿಸಿತು. ಒಂದು ಸಂಜೆ ಧೈರ್ಯ ಮಾಡಿ ಗಂಡನಿಗೆ ಹೇಳಿದಳು.

“ಮಾವ, ಒಂದು ಬೋರ್ ಹಾಕ್ಸಾಣ. ಊರೋರೇ ಹಾಕ್ಸು ಅಂತಾರೆ.”

ಓಬಳೇಶ ಉಣ್ಣುತ್ತಿದ್ದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅವ್ರು ಯಾಕೆ ಅಂತಾರೆ ಗೊತ್ತಾ ನಿನಗೆ? ನಾನು ಹಾಕ್ಸಲಿ ಅಂತ ಕಾಯ್ತಾ ಅವ್ರೆ. ನಾನು ಹಾಕ್ಸಿದ್ರೆ ಮಾರನೇ ದಿನ ಎಲ್ಲಾರೂ ಹಾಕ್ಸಬೋದು.”

“ಗಿಡ ಸಾಯ್ತಾವೆ.”

“ಗೊತ್ತು. ನಾನು ದೀಪ ಮುಟ್ಟೀನಿ ಆಶಾ.”

“ನಾನು ಮುಟ್ಟಿಲ್ಲ. ನನ್ನ ಯಾರೂ ಕೇಳೂ ಇಲ್ಲ.”

ಅವನು ತಟ್ಟೆಯಲ್ಲಿ ಕೈ ತೊಳೆದು ಎದ್ದ. ಆದರೆ ಮಾರನೆಯ ಬೆಳಗ್ಗೆ ಅವಳಿಗಿಂತ ಮುಂಚೆ ಎದ್ದು, ಬಾವಿಯ ತಳದಲ್ಲಿ ಉಳಿದ ನೀರನ್ನು ಮೊಗೆದು ಕೊಡಗಳಲ್ಲಿ ಹೊತ್ತು ಮೇಲಿನ ಸಾಲಿಗೆ ಹಾಕಿದ. ದಿನವೂ ಹಾಗೆ ಮಾಡಿದ. ಅವನ ಹೆಗಲು ಕೆಂಪಗೆ ಬಾತುಕೊಂಡಿತ್ತು.  ಬೈದು ಜಗಳವಾಡುವ ಗಂಡನಾಗಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಇವನ ಮೇಲೆ ಅದೂ ಆಗುತ್ತಿರಲಿಲ್ಲ.

ಅವಳು ಜಂಬುಲಿಂಗಪ್ಪನವರ ಮನೆಗೆ ಹೋದಳು. ಅವರು ಊರಿನ ದೊಡ್ಡ ರೈತರು, ಹಿರಿಯರು, ಯಾರ ಮೇಲೂ ದನಿ ಎತ್ತಿದವರಲ್ಲ. ಹೆಂಡತಿ ಶಿವಬಸಮ್ಮ ಆಶಾಳನ್ನು ಪಡಸಾಲೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಆಶಾ ಬಂದ ಕೆಲಸ ಹೇಳಿದಳು. ವಾರಕ್ಕೊಮ್ಮೆ ಕೆಲವು ತಾಸು ನೀರು ಬಿಟ್ಟರೆ ಮಳೆಗಾಲದವರೆಗೆ ಗಿಡ ಜೀವ ಹಿಡಿಯುತ್ತವೆ, ಪೈಪು ತಾನೇ ಎಳೆಸಿಕೊಳ್ಳುತ್ತೇನೆ ಎಂದಳು. ಜಂಬುಲಿಂಗಪ್ಪ ಸಮಾಧಾನವಾಗಿ ಕೇಳಿಸಿಕೊಂಡರು. ಅವಳಿಗೆ ಕೊಟ್ಟರೆ ನಾಳೆ ಇನ್ನೊಬ್ಬರಿಗೆ ಇಲ್ಲ ಎನ್ನಲಾಗುವುದಿಲ್ಲ, ಎಲ್ಲರಿಗೂ ಕೊಡುವಷ್ಟು ತಮ್ಮ ಬೋರಿನಲ್ಲಿ ಇಲ್ಲ ಎಂದರು. ಆಮೇಲೆ, ಓಬಳೇಶ ಮಾಡಿದ ಕಟ್ಟಳೆ ದೊಡ್ಡದು, ಏನೇ ಆದರೂ ಅದನ್ನು ಬಿಡಬಾರದೆಂದು ಅವನಿಗೆ ಹೇಳು ಎಂದೂ ಸೇರಿಸಿದರು.

ವಾಪಸು ಬರುವ ದಾರಿಯಲ್ಲಿ ಅವರ ಹಿಪ್ಪುನೇರಳೆ ತೋಟ. ಅಲ್ಲಿಂದಾಚೆ ಹಳ್ಳದ ದಂಡೆಗೆ ಒಂದು ಮಡಿ ನೆಲ್ಲು ಹಾಕಿದ್ದರು. ಪೈಪಿನ ಬಾಯಿಯಿಂದ ನೀರು ಧಾರೆಯಾಗಿ ಸುರಿದು ಕಾಲುವೆಗುಂಟ ಹರಿಯುತ್ತಿತ್ತು. ಆಶಾ ಅಲ್ಲಿ ಕಾಲು ತೊಳೆದುಕೊಂಡಳು, ಮುಖಕ್ಕೆ ನೀರು ಹಾಕಿಕೊಂಡಳು. ಆಮೇಲೆ ಯಾಕೋ ಅಲ್ಲಿ ನಿಲ್ಲಲಾಗದೆ ಬೇಗ ಬೇಗ ನಡೆದಳು.

ಏಪ್ರಿಲ್ ಕೊನೆಗೆ ಓಬಳೇಶನಿಗೆ ಚಳ್ಳಕೆರೆಯಲ್ಲಿ ಜಲಾನಯನ ಸಂಘದ ಅಧ್ಯಕ್ಷರ ತರಬೇತಿ ಇತ್ತು. ಎರಡು ದಿನ ಅಲ್ಲೇ ಉಳಿಯಬೇಕು. ಹೊರಡುವಾಗ ಅವನು ಕೆಳಗಿನ ಸಾಲಿಗೆ ಮಾತ್ರ ನೀರು ಹಾಕು, ಮೇಲಿನವಕ್ಕೆ ಹೊತ್ತು ಸಾಯಬೇಡ, ಬಂದ ಮೇಲೆ ನಾನು ಹಾಕುತ್ತೇನೆ ಎಂದ. ಬಸ್ಸು ಹೋದ ಮೇಲೆ ಆಶಾ ತೋಟಕ್ಕೆ ಹೋದಳು. ಮೇಲಿನ ಸಾಲಿನ ಒಂದು ಗಿಡದ ಕೊಂಬೆ ಮುರಿದು ನೋಡಿದಳು. ಸಿಪ್ಪೆಯ ಕೆಳಗೆ ಹಸಿರು ಇರಲಿಲ್ಲ. ಪಕ್ಕದ್ದನ್ನು ಮುರಿದಳು. ಅದರಲ್ಲಿ ಇನ್ನೂ ಒಂದು ಎಳೆ ಹಸಿರಿತ್ತು. ಅದೇ ಅವಳನ್ನು ಹಿಡಿದುಕೊಂಡಿತು. ಎಲ್ಲ ಸತ್ತಿದ್ದರೆ ಬಿಟ್ಟುಬಿಡುತ್ತಿದ್ದಳೋ ಏನೋ.

ಅವಳ ಅಣ್ಣ ಯರ್ರಪ್ಪ ರಾಂಪುರದಲ್ಲಿ ಬೋರ್ ಲಾರಿಯವರಿಗೆ ಗಿರಾಕಿ ಹುಡುಕಿಕೊಡುವ ಕೆಲಸ ಮಾಡುತ್ತಿದ್ದ. ಮೂರು ತಿಂಗಳಿಂದ ಬಾ ಎನ್ನು, ಬರುತ್ತೇನೆ ಎನ್ನುತ್ತಿದ್ದ. ಅಂದು ಮಧ್ಯಾಹ್ನ ಆಶಾ ಕೊಂಡ್ಲಹಳ್ಳಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಮಾಡಿದಳು. ಬೂತಿನ ಗಾಜಿನ ಬಾಗಿಲು ಹಾಕಿಕೊಂಡು ಒಳಗೆ ಬೆವರುತ್ತ ನಿಂತು, ನಾಳೆ ಕಳಿಸು ಎಂದಷ್ಟೇ ಹೇಳಿದಳು. ಮಾವ ಒಪ್ಪಿದನಾ ಎಂದು ಅವನು ಕೇಳಿದ. ಅವಳು ಹೂಂ ಎಂದಳು.

ಮಾರನೆಯ ದಿನ ಹೊತ್ತು ಏರುವ ಮುಂಚೆ ಲಾರಿಗಳು ಬಂದವು. ಮುಂದೆ ಬೋರ್ ಲಾರಿ, ಹಿಂದೆ ಕಂಪ್ರೆಸರ್ ಲಾರಿ, ಅದರ ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಯರ್ರಪ್ಪ. ತೋಟದೊಳಕ್ಕೆ ಇಳಿಯಲು ದಾರಿ ಸಾಲದೆ ಲಾರಿಯ ಆಳುಗಳು ರಸ್ತೆ ಬದಿಯ ಬದುವನ್ನು ಗುದ್ದಲಿಯಿಂದ ಕಡಿದು ಮಟ್ಟ ಮಾಡಿದರು. ಅದು ಓಬಳೇಶ ಊರಿನಲ್ಲೇ ಮೊದಲು ಹಾಕಿದ ಬದು, ಜನರಿಗೆ ತೋರಿಸಲೆಂದು. ಆಶಾ ಆ ಕಡೆ ನೋಡದೆ ನಿಂತಳು. ಯರ್ರಪ್ಪ ನೀರಿನ ಸೆಲೆ ನೋಡಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದೊಳಗೆ ಮೆಲ್ಲಗೆ ನಡೆದ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಇಲ್ಲೇ ಪಾಯಿಂಟು ಎಂದ.

ಲಾರಿಯ ಸದ್ದಿಗೆ ಊರು ಬಂದು ನೆರೆಯಿತು. ಯಾರಾದರೂ ಬೈಯುತ್ತಾರೆಂದು ಆಶಾ ಎದೆ ಗಟ್ಟಿಮಾಡಿಕೊಂಡು ಕಾದಿದ್ದಳು. ಯಾರೂ ಬೈಯಲಿಲ್ಲ. ಎಲ್ಲರ ಮುಖವೂ ಹಬ್ಬದ ದಿನದಂತೆ ಅರಳಿತ್ತು. ಕಲ್ಲೇಶಪ್ಪ ತಾನೇ ಊದಿನಕಡ್ಡಿ ತಂದು ಹಚ್ಚಿ, ಪಾಯಿಂಟಿನ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟ. ಇಬ್ಬರು ಗಂಡಸರು ಲಾರಿಯ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ತಮ್ಮ ಹೊಲಗಳ ಕಡೆ ಕೈ ತೋರಿಸುತ್ತಿದ್ದರು. ಇಲ್ಲಿಯದು ಮುಗಿದ ಮೇಲೆ ಯಾರ ಹೊಲಕ್ಕೆ ಮೊದಲು ಎಂದು ಅವರಲ್ಲೇ ಸಣ್ಣ ಮಾತುಕತೆ ನಡೆಯುತ್ತಿತ್ತು. ಗಂಡ ಹೇಳಿದ್ದು ನಿಜವೆಂದು ಆಶಾಗೆ ಆಗ ಗೊತ್ತಾಯಿತು. ಗೊತ್ತಾದರೂ ಮಾಡುವುದಕ್ಕೇನೂ ಇರಲಿಲ್ಲ. ಲಾರಿ ತೋಟದ ನಡುವೆ ನಿಂತಿತ್ತು, ಆಳುಗಳು ಅದರ ಕಂಬವನ್ನು ಮೇಲಕ್ಕೆ ಎತ್ತುತ್ತಿದ್ದರು.

ಆಗ ರಂಗಕ್ಕ ಬಂದಳು. ರಂಗಕ್ಕ ಗಂಡ ಸತ್ತವಳು, ತೋಟದ ಕೆಳಗೆ ಅವಳದು ಬಾವಿಯಿಲ್ಲದ ಎರಡು ಎಕರೆ. ನವಣೆ, ಹುರುಳಿ ಬೆಳೆದುಕೊಂಡು ಏಳೆಂಟು ಆಡು ಸಾಕಿಕೊಂಡಿದ್ದಳು. ಆಡುಗಳಿಗೂ ಅವಳಿಗೂ ಇದ್ದದ್ದು ಊರ ಸೇದುವ ಬಾವಿಯ ನೀರೊಂದೇ. ಇವಳು ಜಗಳಕ್ಕೆ ಬಂದಳೆಂದು ಆಶಾ ಅಂದುಕೊಂಡಳು. ರಂಗಕ್ಕ ಲಾರಿಯನ್ನು ಒಮ್ಮೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಅವಳ ಹತ್ತಿರ ಬಂದು ನಿಂತಳು.

“ಆಶಮ್ಮ, ನಿನ್ನ ಬೋರ್‌ನಾಗೆ ನೀರು ಬಿದ್ರೆ ದಾರಿ ಪಕ್ಕ ಒಂದು ತೊಟ್ಟಿ ಕಟ್ಟಿಸವ್ವ. ಸೇದೋ ಬಾವಿ ಹೆಂಗೂ ಇನ್ನು ಇರಲ್ಲ. ಆಡು ಹೊಡ್ಕೊಂಡು ಜಂಬುಲಿಂಗಪ್ಪ ಯಜಮಾನ್ರ ತೋಟದ ತನಕ ಹೋಗೋಕೆ ನನ್ನ ಕೈಲಾಗಲ್ಲ.”

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುಮಾತೂ ಇರಲಿಲ್ಲ. ಆಗುವುದು ಆಗಿಹೋಗಿದೆ, ಮುಂದಿನದು ನೋಡೋಣ ಎನ್ನುವವಳ ಹಾಗೆ ಕೇಳಿದ್ದಳು.  ಆಶಾ ನೇರ ಅಣ್ಣನ ಹತ್ತಿರ ಹೋಗಿ, ಬೇಡ, ಲಾರಿ ವಾಪಸು ಕಳಿಸು ಎಂದಳು.

ಯರ್ರಪ್ಪ ಮೊದಲು ನಕ್ಕ. ಅವಳು ಮತ್ತೆ ಹೇಳಿದಾಗ ಸಿಟ್ಟಾದ. ಮೇಸ್ತ್ರಿಯ ಮುಂದೆ ತನ್ನ ಮರ್ಯಾದೆ ಏನಾಗಬೇಕು, ಮಾವ ಒಪ್ಪಿದ್ದಾನೆಂದು ಸುಳ್ಳು ಹೇಳಿದೆಯಾ ಎಂದು ಕೂಗಾಡಿದ. ಮೇಸ್ತ್ರಿ ತಮಿಳುನಾಡಿನವನು, ಇಂಥದ್ದನ್ನು ಎಷ್ಟೋ ಊರಿನಲ್ಲಿ ಕಂಡವನು. ಇಲ್ಲಿ ಬೇಡವಾದರೆ ಬೇಡ, ಲಾರಿ ಸುಮ್ಮನೆ ವಾಪಸು ಹೋಗುವುದಿಲ್ಲ, ಊರಿನಲ್ಲಿ ಬೇಕೆನ್ನುವವರು ಇದ್ದಾರಲ್ಲ ಎಂದು ತನ್ನ ಹರಕು ಕನ್ನಡದಲ್ಲಿ ಹೇಳಿದ. ಅವನ ಮಾತು ಮುಗಿಯುವ ಮುಂಚೆ ಕಲ್ಲೇಶಪ್ಪ ಮುಂದೆ ಬಂದ. ನನ್ನ ಹೊಲಕ್ಕೆ ಬನ್ನಿ ಎಂದ.

ಇದನ್ನು ಅವಳು ಎಣಿಸಿರಲಿಲ್ಲ. ತಾನು ಬೇಡವೆಂದರೆ ಮುಗಿಯಿತೆಂದುಕೊಂಡಿದ್ದಳು. ಲಾರಿ ಊರೊಳಕ್ಕೆ ಬಂದಾಗಿತ್ತು, ತಂದವಳು ಅವಳು. ತನ್ನ ತೋಟದಲ್ಲಿ ಕೊರೆಸಿದರೂ ಊರು ಹೋಯಿತು, ಕೊರೆಸದಿದ್ದರೂ ಹೋಯಿತು. ಕೊರೆಸದಿದ್ದರೆ ಗಿಡವೂ ಹೋಯಿತು.

ಕಲ್ಲೇಶಪ್ಪನ ಹೊಲಕ್ಕೆ ಹಳ್ಳದ ಕಡೆಯಿಂದ ಲಾರಿ ಹೋಗುವಂತಿರಲಿಲ್ಲ. ಇದ್ದ ದಾರಿ ಆಶಾಳ ತೋಟದ ಮೂಲಕ, ಇಬ್ಬರ ಹೊಲದ ನಡುವಿನ ಬದು ಕಡಿದು. ಆಳುಗಳು ಗುದ್ದಲಿ ಹಿಡಿದು ಅತ್ತ ನಡೆದರು. ಆಶಾ ಅವರಿಗಿಂತ ಮುಂಚೆ ಓಡಿಹೋಗಿ ಬದುವಿನ ಮೇಲೆ ಕುಳಿತುಬಿಟ್ಟಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಕಲ್ಲೇಶಪ್ಪ ಅವಳ ಎದುರಿಗೆ ಬಂದು ನಿಂತ. ಅಷ್ಟು ದಿನದ ಕನಿಕರ ಅವನ ಮುಖದಲ್ಲಿರಲಿಲ್ಲ.

“ನಿನಗೆ ಬೇಕಾದಾಗ ಲಾರಿ ಕರ್ಸಿದೆ. ನನಗೆ ಬೇಕಾದಾಗ ಅಡ್ಡ ಕೂತ್ಕೋತೀಯಾ? ಇದ್ಯಾವ ನ್ಯಾಯ ತಾಯಿ?”

ಅವನು ಕೇಳಿದ್ದು ಸರಿಯಾಗಿತ್ತು.  ಬಿಸಿಲು ನೆತ್ತಿಗೆ ಬಂದಿತ್ತು. ಎದುರಿಗೆ ಸಿಟ್ಟಾದ ಅಣ್ಣ, ಸಿಟ್ಟಾದ ನೆರೆಯವನು, ಸುತ್ತ ಊರಿನ ಗಂಡಸರು. ಎದ್ದರೆ ಬದು ಕಡಿಯುತ್ತಾರೆ. ಕೂತರೆ ಎಷ್ಟು ಹೊತ್ತು ಕೂರುವುದು? ರಂಗಕ್ಕ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ ಸೇದುವ ಬಾವಿಯ ಕಡೆಯ ಮನೆಗಳ ಕೆಲವು ಹೆಂಗಸರು ಬಂದರು. ಅವರಲ್ಲಿ ಒಬ್ಬಳ ಗಂಡ ಮೇಸ್ತ್ರಿಗೆ ತನ್ನ ಹೊಲ ತೋರಿಸಿದವರಲ್ಲಿ ಒಬ್ಬ. ಅವನು ಮನೆಗೆ ನಡೆ ಎಂದು ಗದರಿದ. ಅವಳು ಏಳಲಿಲ್ಲ.

ಹೊತ್ತು ಇಳಿಯತೊಡಗಿದಾಗ ಜಂಬುಲಿಂಗಪ್ಪ ಬಂದರು. ಸುದ್ದಿ ಅವರಿಗೆ ಯಾವಾಗಲೋ ಮುಟ್ಟಿತ್ತು, ಕಲ್ಲೇಶಪ್ಪನ ಹೊಲ ಎಂದು ಕೇಳಿದ ಮೇಲೆ ಮಗನ ಬೈಕಿನ ಹಿಂದೆ ಕೂತು ಬಂದಿದ್ದರು. ಆ ಹೊಲಕ್ಕೂ ಅವರ ಬೋರಿಗೂ ನಡುವೆ ಹೆಚ್ಚು ದೂರವಿರಲಿಲ್ಲ. ಅವರು ಜನರ ನಡುವೆ ನಿಂತು, ದೇವರ ಮುಂದೆ ಮಾಡಿದ ಕಟ್ಟಳೆ, ಮುರಿಯಬೇಡ್ರಪ್ಪ ಎಂದರು. ಕಲ್ಲೇಶಪ್ಪ ತಲೆ ತಗ್ಗಿಸಿದ.  ಆಶಾ ಕೂತಲ್ಲಿಂದ ಎದ್ದಳು. ಕಾಲು ಜೋಮು ಹಿಡಿದಿತ್ತು.

“ಯಜಮಾನ್ರೇ, ಒಂದು ಮಾತು. ನಾವು ಯಾರೂ ಕೊರೆಸಿಲ್ಲ ಅಂತ ಸೇದೋ ಬಾವಿನಾಗೆ ನೀರೈತೆ. ನಿಮ್ಮ ಬೋರ್‌ನಾಗೂ ನೀರೈತೆ. ನಮ್ಮ ಗಿಡ ಒಣಗ್ಸಿ, ಕಲ್ಲೇಶಪ್ಪಣ್ಣನ ಈರುಳ್ಳಿ ಒಣಗ್ಸಿ ಉಳಿಸಿರೋ ನೀರು ಅದು. ಅದು ಬರೀ ನಿಮ್ಮದು ಹೆಂಗಾಗುತ್ತೆ?”

 ದೊಡ್ಡವರ ಎದುರಿಗೆ ಅವಳು ಹೀಗೆ ಮಾತಾಡಿದ್ದು ಅದೇ ಮೊದಲು. ಜಂಬುಲಿಂಗಪ್ಪನವರ ಮಗ ಏನೋ ಹೇಳಲು ಬಾಯಿ ತೆರೆದ. ಅವರು ಕೈ ಎತ್ತಿ ತಡೆದರು. ಲಾರಿಯ ಕಡೆ ನೋಡಿದರು. ಅದರ ಕಂಬ ಇನ್ನೂ ಎತ್ತಿದ ಹಾಗೇ ಇತ್ತು. ಇಂದು ಈ ಲಾರಿ ಹೋದರೆ ನಾಳೆ ಇನ್ನೊಂದು ಬರುತ್ತದೆ, ಸುತ್ತ ಹತ್ತು ಬೋರ್ ಬಿದ್ದರೆ ತಮ್ಮದು ಒಂದು ಬೇಸಿಗೆಯೂ ಬಾಳುವುದಿಲ್ಲ ಎನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಎಷ್ಟು ಬೇಕು?” ಎಂದು ಕೇಳಿದರು.

“ವಾರದಾಗೆ ಒಂದು ದಿನದ ಕರೆಂಟಿನ ನೀರು. ನಮಗೆ, ಕಲ್ಲೇಶಪ್ಪಣ್ಣಂಗೆ, ರಂಗಕ್ಕನ ಹೊಲಕ್ಕೆ. ನೆಲ್ಲು ಕಬ್ಬು ಯಾರೂ ಹಾಕಬಾರದು, ನೀವೂನೂ.”

ನೆಲ್ಲಿನ ಮಾತಿಗೆ ಗುಂಪಿನಲ್ಲಿ ಯಾರೋ ಕೆಮ್ಮಿದರು. ಜಂಬುಲಿಂಗಪ್ಪ ಅದಕ್ಕೆ ಹೂಂ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಮಳೆಗಾಲದ ತನಕ ಒಂದು ದಿನದ ನೀರು ಬಿಡುತ್ತೇನೆ, ಲಾರಿ ಊರು ದಾಟಲಿ ಎಂದರು. ಕಲ್ಲೇಶಪ್ಪ ಒಂದಿಷ್ಟು ಹೊತ್ತು ಅವರ ಮುಖ, ಆಶಾಳ ಮುಖ, ಲಾರಿ ಎಲ್ಲ ನೋಡಿದ. ಕೈಯಲ್ಲಿ ಹಿಡಿದಿದ್ದ ಊದಿನಕಡ್ಡಿಯ ಕಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಸರಿ ಹಾಗಾದರೆ, ಕೊಟ್ಟ ಮಾತು ತಪ್ಪಿದರೆ ಲಾರಿ ನಾನೇ ಕರೆಸುತ್ತೇನೆ ಎಂದ. ಯರ್ರಪ್ಪ ಯಾರಿಗೂ ಹೇಳದೆ ಮೋಟಾರ್ ಸೈಕಲ್ ಹತ್ತಿ ಹೋದ. ಅವನು ಒಂದು ವರ್ಷ ತಂಗಿಯ ಮನೆ ಹೊಸ್ತಿಲು ತುಳಿಯಲಿಲ್ಲ.

ಲಾರಿಗಳು ಹಿಂದಕ್ಕೆ ಸರಿಯುತ್ತಿದ್ದಾಗ ಚಳ್ಳಕೆರೆಯ ಬಸ್ಸಿಳಿದ ಓಬಳೇಶ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಬಂದ. ಜನ ಅವನನ್ನು ಸುತ್ತಿಕೊಂಡು ಒಬ್ಬರ ಮೇಲೊಬ್ಬರು ಹೇಳಿದರು. ಅವನು ಎಲ್ಲ ಕೇಳಿಸಿಕೊಂಡ. ಚೀಲವನ್ನು ಬಾವಿಯ ಕಟ್ಟೆಯ ಮೇಲಿಟ್ಟು, ಗುದ್ದಲಿ ತೆಗೆದುಕೊಂಡು, ಕಡಿದಿದ್ದ ಬದುವಿಗೆ ಮಣ್ಣು ಎಳೆಯತೊಡಗಿದ. ಆಶಾ ಹತ್ತಿರ ಹೋಗಿ ನಿಂತಳು.

“ನಾನಿಲ್ಲದಾಗ ಯಾಕೆ?” ಎಂದು ಕೇಳಿದ.

“ನೀನಿದ್ರೆ ಬಿಡ್ತಿರಲಿಲ್ಲ.”

ಅವನು ತಲೆಯಾಡಿಸಿದ. ಇಬ್ಬರೂ ಸೇರಿ ಮಣ್ಣು ಎಳೆದು ತುಳಿದು ಗಟ್ಟಿ ಮಾಡಿದರು. ಆಮೇಲೆ ಅವನು ಅವಳೊಂದಿಗೆ ಬಹಳ ದಿನ ಮಾತಾಡಲಿಲ್ಲ. ಊಟ ಬಡಿಸಿದರೆ ಉಣ್ಣುತ್ತಿದ್ದ, ಕೆಲಸ ಹೇಳಿದರೆ ಮಾಡುತ್ತಿದ್ದ. ಸಂಘದ ಸಭೆಯಲ್ಲಿ, ನನ್ನ ಮನೆಯಿಂದಲೇ ಕಟ್ಟಳೆ ಮುರಿಯುವುದರಲ್ಲಿತ್ತು, ಇನ್ನು ನಾನು ಅಧ್ಯಕ್ಷನಾಗಿ ಕೂರುವುದಿಲ್ಲ ಎಂದು ಎದ್ದ. ಬೇರೆ ಯಾರೂ ಆ ಜಾಗಕ್ಕೆ ಬರಲು ಒಪ್ಪದೆ ಮತ್ತೆ ಅವನನ್ನೇ ಕೂರಿಸಿದರು. ಆ ಸಭೆಗೆ ಹೆಂಗಸರೂ ಬಂದಿದ್ದರು. ಕರೆದಿರಲಿಲ್ಲ, ಬಂದು ಕೂತಿದ್ದರು.

ಪೈಪು ಎಳೆದು ನೀರು ಬರಲು ಮೇ ಮುಗಿಯಿತು. ಒಮ್ಮೆ ಕರೆಂಟಿಲ್ಲ, ಒಮ್ಮೆ ಪೈಪು ಒಡೆದಿದೆ. ಒಂದು ವಾರ ಜಂಬುಲಿಂಗಪ್ಪನವರ ಮಗ ಬೇಗ ವಾಲ್ವು ಮುಚ್ಚಿದ. ಆಶಾ ಮತ್ತೆ ಅವರ ಪಡಸಾಲೆಗೆ ಹೋಗಿ ನಿಲ್ಲಬೇಕಾಯಿತು. ಶಿವಬಸಮ್ಮ ಮಜ್ಜಿಗೆ ಕೊಟ್ಟರು, ಮಗನಿಗೆ ತಾವೇ ಹೇಳಿದರು. ಹೀಗೆ ವಾರವಾರವೂ ಇನ್ನೊಬ್ಬರ ಬಾಗಿಲಲ್ಲಿ ನಿಂತು ನೀರು ಕೇಳುವುದು ಅವಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತಿತ್ತು. ಆದರೂ ಹೋಗುತ್ತಿದ್ದಳು. ರಂಗಕ್ಕನ ಪಾಲಿನ ನೀರಿಗೂ ಅವಳೇ ಕೇಳುತ್ತಿದ್ದಳು.

ಬಂದ ನೀರು ಎಲ್ಲ ಗಿಡಗಳಿಗೆ ಸಾಲುತ್ತಿರಲಿಲ್ಲ. ಕೆಳಗಿನ ಸಾಲುಗಳನ್ನು ಉಳಿಸಿಕೊಂಡು ಮೇಲಿನವನ್ನು ಬಿಡಬೇಕೆಂದು ಅವಳೇ ತೀರ್ಮಾನ ಮಾಡಿದಳು. ಹಸಿರೆಳೆ ಇದ್ದ ಗಿಡಗಳೂ ಅದರಲ್ಲಿ ಹೋದವು. ಅವನ್ನು ಕಿತ್ತ ದಿನ ಅವಳು ಉಣ್ಣಲಿಲ್ಲ. ಒಣಗಿದ ಗಿಡಗಳನ್ನು ರಂಗಕ್ಕ ಹೊತ್ತುಕೊಂಡು ಹೋಗಿ ಆಡಿನ ದೊಡ್ಡಿಗೆ ಬೇಲಿ ಕಟ್ಟಿಕೊಂಡಳು.

ಆ ವರ್ಷ ಮುಂಗಾರು ಹಗುರಾಗಿ ಬಂದು ಹೋಯಿತು. ಖಾಲಿಯಾದ ಮೇಲಿನ ಜಾಗದಲ್ಲಿ ಏನು ಮಾಡುವುದೆಂದು ಒಂದು ದಿನ ಓಬಳೇಶ ತಾನಾಗಿಯೇ ಮಾತು ತೆಗೆದ. ನವಣೆ ಚೆಲ್ಲಬಹುದು ಎಂದ. ಗುಡ್ಡದ ನೀರು ಮೊದಲು ಇಳಿಯುವುದು ಅಲ್ಲಿಗೇ, ಅಲ್ಲೊಂದು ಹೊಂಡ ತೋಡೋಣ ಎಂದಳು ಆಶಾ. ಅಷ್ಟು ನೆಲ ಹೊಂಡಕ್ಕೆ ಹೋದರೆ ಇನ್ನು ಅಲ್ಲಿ ಯಾವತ್ತೂ ಗಿಡ ಕೂರಿಸುವಂತಿಲ್ಲವಲ್ಲ ಎಂದು ಅವನು ಕೇಳಿದ. ಇಲ್ಲ ಎಂದಳು.

ಇಬ್ಬರೂ ಸೇರಿ ತೋಡಿದರು. ಅರ್ಧ ದಿನ ಕಲ್ಲೇಶಪ್ಪ ತನ್ನ ಎತ್ತು ಗಾಡಿ ತಂದು ಮಣ್ಣು ಸಾಗಿಸಿದ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಗುಡ್ಡದ ಮೇಲೆ ಜೋರಾಗಿ ಮಳೆ ಹೊಡೆಯಿತು. ಕೆಂಪು ನೀರು ಕಲ್ಲುಗಳ ನಡುವಿನಿಂದ ಇಳಿದು ಹೊಂಡಕ್ಕೆ ಬಿತ್ತು. ಆಶಾ ಗೋಣಿಚೀಲ ತಲೆಗೆ ಹಾಕಿಕೊಂಡು ಅಂಚಿನಲ್ಲಿ ನಿಂತು ನೋಡಿದಳು. ಹೊಂಡ ಅರ್ಧಕ್ಕಿಂತ ಮೇಲೆ ತುಂಬಿತು. ಎಂಟು ಹತ್ತು ದಿನಗಳಲ್ಲಿ ನೀರೆಲ್ಲ ಇಂಗಿಹೋಯಿತು. ಕೆಳಗಿನ ಸಾಲುಗಳಲ್ಲಿ ಹೊಸ ಚಿಗುರು ಬಂದಿತ್ತು. ಬೇಸಿಗೆಯಲ್ಲಿ ತಳ ಕಂಡಿದ್ದ ಬಾವಿಯಲ್ಲಿ ಈಗ ಎಷ್ಟು ಏರಿದೆ ನೋಡುತ್ತೇನೆಂದು ಓಬಳೇಶ ಹಗ್ಗ ಹಿಡಿದು ಇಳಿದ. ಒಳಗಿನಿಂದ ಅವನ ದನಿ ಬಂತು. ಮೊಣಕಾಲಿನವರೆಗೆ ಐತೆ ಎಂದ.